ಬೆಳಕಿಗೆ ಮುಲಾಜಿಲ್ಲ ಎನ್ನುತ್ತಿದ್ದವರು

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ತಮ್ಮ ವಿಜ್ಞಾನದ ಮಾಸ್ತರರ ಹೆಸರಿನಲ್ಲಿ ಒಂದು ಸ್ಮರಣ ಸಂಚಿಕೆ ತರುತ್ತಿದ್ದಾರೆ. ಅವರೊಂದಿಗೆ ಕೆಲಸ ಮಾಡಿದವರಲ್ಲಿ ಈಗ ಉಳಿದವರು ಕಡಿಮೆ. ಹಾಗಾಗಿ ನನ್ನನ್ನೂ ಎರಡು ಪುಟ ಬರೆದುಕೊಡಿ ಎಂದು ಕೇಳಿದರು, ಬರೆದುಕೊಟ್ಟೆ. ಅವರ ಶಿಸ್ತು, ವೇಳೆ ತಪ್ಪದ ಅಭ್ಯಾಸ, ವಿಷಯದ ಮೇಲಿದ್ದ ಹಿಡಿತ, ಎಲ್ಲವನ್ನೂ ಬರೆದೆ. ಅದರಲ್ಲಿ ಸುಳ್ಳು ಒಂದೂ ಇಲ್ಲ. ಅಲ್ಲಿ ಬರೆಯಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಹೇಳುವುದಿಲ್ಲ. ಅಫಜಲಪುರದಲ್ಲಿ ಆ ಕಾಲದಲ್ಲಿ ಹೈಸ್ಕೂಲು ಓದಿದವರಿಗೆ ಹೆಸರಿನ ಅಗತ್ಯವೂ ಇಲ್ಲ.

ನಾನು ಆ ಶಾಲೆಗೆ ಕನ್ನಡ ಕಲಿಸಲು ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮದುವೆಯಾಗಿ ಇನ್ನೂ ಆರು ತಿಂಗಳಾಗಿರಲಿಲ್ಲ. ನನ್ನ ಗಂಡನಿಗೆ ಆಳಂದದಲ್ಲಿ ನೌಕರಿ, ನಾನು ಅಫಜಲಪುರದಲ್ಲಿ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದೆ. ಅವರು ಅಷ್ಟು ಹೊತ್ತಿಗಾಗಲೇ ಅಲ್ಲಿ ಬಹಳ ವರ್ಷಗಳಿಂದ ವಿಜ್ಞಾನದ ಮಾಸ್ತರರಾಗಿದ್ದರು. ಎತ್ತರದ ಆಳು, ಸಣಕಲು ಮೈ. ವೈಶಾಖದ ಬಿಸಿಲಿನಲ್ಲೂ ಬಿಳಿ ಅಂಗಿಯ ತೋಳು ಮಡಚುತ್ತಿರಲಿಲ್ಲ. ದಪ್ಪ ಕನ್ನಡಕ. ನಡೆಯುವಾಗ ಬಲಕ್ಕೆ ಸ್ವಲ್ಪ ವಾಲುತ್ತಿದ್ದರು. ಬಲಗಡೆಯ ಕಿಸೆಯಲ್ಲಿ ಕೆಮ್ಮಿನ ಔಷಧಿಯ ಸಣ್ಣ ಶೀಷೆಯೊಂದು ಇರುತ್ತಿತ್ತು. ಅದರ ತುಂಬ ಪಾದರಸ.

ನಾನು ಸೇರಿದ ದಿನ ಸ್ಟಾಫ್ ರೂಮಿನಲ್ಲಿ ಕಿಸೆಯಿಂದ ಆ ಶೀಷೆ ತೆಗೆದು, "ಹಿಡೀರಿ ಬಾಯಾರ" ಎಂದು ನನ್ನ ಅಂಗೈಯಲ್ಲಿಟ್ಟರು. ಆ ಕಡೆ ಶಿಕ್ಷಕಿಯರನ್ನು ಬಾಯಾರು ಎಂದೇ ಕರೆಯುತ್ತಾರೆ. ಅಷ್ಟು ಸಣ್ಣ ಶೀಷೆ ಅಷ್ಟು ಭಾರ ಇದ್ದೀತೆಂದು ಯಾರು ತಿಳಿದಾರು? ನನ್ನ ಕೈ ಟೇಬಲ್ಲಿಗೆ ಬಡಿದು ಎರಡು ಹಸಿರು ಬಳೆ ಒಡೆದವು. ಅವರು ನಕ್ಕರು, ಉಳಿದವರೂ ನಕ್ಕರು. ಹೊಸಬರು ಯಾರು ಬಂದರೂ ಹೀಗೇ ಮಾಡುತ್ತಿದ್ದರಂತೆ. ಮಕ್ಕಳಿಗೂ ಮಾಡುತ್ತಿದ್ದರು. ಶೀಷೆ ಕೈಯಿಂದ ಜಾರಿದರೆ ಆ ಮಗುವಿಗೆ ಏಟು.

ಮಕ್ಕಳಿಗೆ ಅಡ್ಡಹೆಸರು ಇಡುವುದರಲ್ಲಿ ಅವರದೇ ಒಂದು ಲೆಕ್ಕವಿತ್ತು. ಹೇಳಿದ್ದನ್ನು ಥಟ್ಟನೆ ತಿರುಗಿ ಹೇಳುವವನು ಪಾರಾ, ಅಂದರೆ ಪಾದರಸ. ತಿಳಿಯದವನು ಡಾಂಬರು. ಬಿದ್ದ ಬೆಳಕನ್ನೆಲ್ಲ ನುಂಗಿ ಏನೂ ಹಿಂದಕ್ಕೆ ಕೊಡದ್ದು ಡಾಂಬರು ಎಂದು ವಿವರಿಸುತ್ತಿದ್ದರು. ಹಾಗೆ ಕರೆಸಿಕೊಂಡ ಒಬ್ಬ ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟುಕೊಂಡಿದ್ದಾನೆ, ಮೊಮ್ಮಕ್ಕಳಾಗುವ ವಯಸ್ಸು ಹತ್ತಿರ ಬಂದಿದೆ. ಊರಿಗೆ ಊರೇ ಅವನನ್ನು ಇವತ್ತಿಗೂ ಡಾಂಬರ್ಯಾ ಎಂದೇ ಕರೆಯುತ್ತದೆ.

ಬೆಳಕಿನ ಪಾಠಕ್ಕೆ ಅವರು ಪಿಂಗಾಣಿ ಬಟ್ಟಲಿಗೆ ಪಾದರಸ ಸುರಿದು, ಅದರ ಮೇಲೆ ಬಗ್ಗಿ ಮುಖ ನೋಡಿಕೊಳ್ಳಲು ಹೇಳುತ್ತಿದ್ದರು. ಯಾರನ್ನು ಕರೆಯಬೇಕೆಂದು ಆರಿಸುವಾಗ ಅವರ ಕಣ್ಣು ತಪ್ಪುತ್ತಿರಲಿಲ್ಲ. ಮೈಲಿ ಕಲೆಯ ಮುಖದವನು, ಮೆಳ್ಳೆಗಣ್ಣಿನವನು, ಒಲೆಯ ಉರಿ ತಾಗಿ ಕೆನ್ನೆ ಸುಟ್ಟುಕೊಂಡಿದ್ದ ಒಂದು ಹುಡುಗಿ. ಆ ಹುಡುಗಿ ಮುಖ ತಿರುಗಿಸಿದಾಗ ಗದ್ದ ಹಿಡಿದು ಮತ್ತೆ ಬಟ್ಟಲಿನ ಮೇಲೆ ತಂದರು. "ಬೆಳಕಿಗೆ ಮುಲಾಜಿಲ್ಲ. ಇದ್ದದ್ದನ್ನ ತೋರಸ್ತದ," ಎಂದರು. ಇದು ಅವರು ಪದೇ ಪದೇ ಹೇಳುತ್ತಿದ್ದ ಮಾತು. ಆ ತರಗತಿಯಲ್ಲಿ ಓದಿದವರ ಬಾಯಲ್ಲಿ ಈಗಲೂ ಕೇಳಿದ್ದೇನೆ, ಅಭಿಮಾನದಿಂದ ಹೇಳುತ್ತಾರೆ.

ಬಸ್‌ಸ್ಟ್ಯಾಂಡಿನ ಮುಂದೆ ಮೊದಲ ಸಲ ಮರ್ಕ್ಯುರಿ ದೀಪ ಹಾಕಿದಾಗ ಹತ್ತನೆಯ ತರಗತಿಯವರನ್ನೆಲ್ಲ ಸಂಜೆ ಅಲ್ಲಿಗೆ ಕರೆದುಕೊಂಡು ಹೋದರು. ಹೆಣ್ಣುಮಕ್ಕಳ ಜೊತೆಗೆ ನಾನೂ ಹೋಗಬೇಕಾಯಿತು. ದೀಪ ಹೊತ್ತಿ, ನಿಧಾನಕ್ಕೆ ನೀಲಿ ಬಿಳುಪಿಗೆ ತಿರುಗಿತು. ಪಾದರಸದ ಹಬೆಯ ಬೆಳಕಿನಲ್ಲಿ ಕೆಂಪು ಬಣ್ಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಕೆಂಪು ವಸ್ತು ಅದರಡಿ ಕಪ್ಪಾಗಿ ಕಾಣುತ್ತದೆ ಎಂದು ಹೇಳಿ, ಉದಾಹರಣೆಗೆ ಸುತ್ತ ನೋಡಿದರು. ನಾನು ಮದುವೆಯ ಕೆಂಪು ಇಳಕಲ್ ಸೀರೆ ಉಟ್ಟಿದ್ದೆ.

"ಬಾಯಾರನ್ನ ನೋಡ್ರಿ. ಸೀರಿ ಕರ್ರಗ, ಕುಂಕಮ ಕರ್ರಗ. ಒಂದು ದೀಪ ಹಚ್ಚಿದ್ರ ಮುತ್ತೈದಿ ಹೋಗಿ ರಂಡಿ ಆದ್ರು."

ನಲವತ್ತು ಮಕ್ಕಳು ನಕ್ಕರು. ನಾನೂ ನಕ್ಕೆ. ಖೋಲಿಗೆ ಬಂದು ಕನ್ನಡಿಯಲ್ಲಿ ಹಣೆ ನೋಡಿಕೊಂಡೆ. ಆ ಸೀರೆಯನ್ನು ಮತ್ತೆ ಉಡಲಿಲ್ಲ. ಆದರೆ ಕೆಂಪೇಕೆ ಕಪ್ಪಾಯಿತು ಎಂಬುದನ್ನು ಆ ನಲವತ್ತರಲ್ಲಿ ಒಬ್ಬರೂ ಪರೀಕ್ಷೆಯಲ್ಲಿ ತಪ್ಪು ಬರೆಯಲಿಲ್ಲ. ಅವರ ಪಾಠವೆಂದರೆ ಹಾಗೆ.

ಅವರ ಜೀವ ಇದ್ದದ್ದು ಮಾತ್ರ ಬುಧ ಗ್ರಹದ ಮೇಲೆ. ಇಂಗ್ಲಿಷಿನಲ್ಲಿ ಲೋಹಕ್ಕೂ ಗ್ರಹಕ್ಕೂ ಒಂದೇ ಹೆಸರು, ಗುಣ ಮಾತ್ರ ತದ್ವಿರುದ್ಧ ಎಂದು ಆ ಪಾಠ ಶುರು ಮಾಡುತ್ತಿದ್ದರು. ಲೋಹ ತನ್ನ ಮೇಲೆ ಬಿದ್ದ ಬೆಳಕನ್ನು ಹೆಚ್ಚುಕಡಿಮೆ ಎಲ್ಲವನ್ನೂ ಹಿಂದಕ್ಕೆ ಕೊಡುತ್ತದೆ. ಗ್ರಹ ಸುಟ್ಟ ಕಲ್ಲಿನಂತೆ ಕಪ್ಪು, ಹಿಂದಕ್ಕೆ ಕೊಡುವುದು ಅಷ್ಟಕ್ಕಷ್ಟೆ. ಆದರೂ ಸೂರ್ಯನ ಮಗ್ಗುಲಲ್ಲೇ ಇರುವುದರಿಂದ ಹೊಳೆಯುತ್ತದೆ. ಆ ಮಗ್ಗುಲಿನ ಬೆಳಕೇ ಅದನ್ನು ನಮ್ಮಿಂದ ಮರೆಮಾಡುತ್ತದೆ. ಸೂರ್ಯ ಮುಳುಗಿದ ಮೇಲೆ ಅಥವಾ ಹುಟ್ಟುವ ಮುಂಚೆ, ವರ್ಷದಲ್ಲಿ ಕೆಲವೇ ದಿನ, ನೆಲಕ್ಕೆ ಹತ್ತಿ ಸ್ವಲ್ಪ ಹೊತ್ತು ಕಂಡರೆ ಕಂಡಿತು. ನಮ್ಮಿಬ್ಬರ ತರಗತಿಗಳ ನಡುವೆ ಬರೀ ಹಲಗೆಯ ಗೋಡೆ. ಆ ಪಾಠ ನಡೆಯುವಾಗ ನನ್ನ ಕಡೆಯ ಮಕ್ಕಳೂ ಪುಸ್ತಕ ಬಿಟ್ಟು ಅತ್ತ ಕಿವಿ ಕೊಡುತ್ತಿದ್ದರು.

ಅವರೇ ಅದನ್ನು ನೋಡಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಪ್ರಯತ್ನಿಸುತ್ತಿದ್ದರು. ಒಂದು ಹಳೆಯ ದುರ್ಬೀನು ಕೊರಳಿಗೆ ಹಾಕಿಕೊಂಡು ಸಂಜೆ ಊರ ನೀರಿನ ಟಾಕಿ ಹತ್ತುತ್ತಿದ್ದರು. ಹುಡುಗರು ಕೂಗಾಡಬಾರದೆಂದು ಕೆಳಗೆ ಶಾಲೆಯ ಸಿಪಾಯಿಯನ್ನು ನಿಲ್ಲಿಸುತ್ತಿದ್ದರು. ಪಡುವಣದಲ್ಲಿ ಬೇವಿನ ಮರಗಳು, ಮನೆಗಳ ಹೊಗೆ, ಬೇಸಿಗೆಯ ಧೂಳು, ಮೇಲಾಗಿ ಅವರ ಆ ಕಣ್ಣು. ಇಳಿದು ಬಂದ ಮರುದಿನ ಬೆತ್ತ ಹೆಚ್ಚು ಓಡಾಡುತ್ತಿತ್ತು.

ಕಸ್ತೂರಿ ಎಂಬ ಹುಡುಗಿ ಹತ್ತನೆಯ ತರಗತಿಯಲ್ಲಿದ್ದಳು. ಮಣ್ಣೂರಿನವಳು, ಭೀಮಾ ದಂಡೆಯ ಮೇಲೆ ಅವರ ಹೊಲ. ಅಫಜಲಪುರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಮಾದನಹಿಪ್ಪರಗಾದ ಒಂದು ಮನೆತನದೊಂದಿಗೆ ನಿಶ್ಚಯವಾಗಿತ್ತು, ಪರೀಕ್ಷೆ ಮುಗಿದ ಮೇಲೆ ಮದುವೆ. ಗಂಡಿನ ಕಡೆಯವರು ಓದು ನಿಲ್ಲಿಸಬೇಡಿ ಎಂದಿದ್ದರು, ಆ ಖುಷಿ ಅವಳಿಗಿತ್ತು. ಆ ವರ್ಷ ಶಿವರಾತ್ರಿಯ ಸೂಟಿ ಮುಗಿದು ಶಾಲೆ ಶುರುವಾದ ವಾರವೇ ಬುಧನ ಪಾಠ ಬಂತು. ನಿಮ್ಮಲ್ಲಿ ಯಾರೂ ಅದನ್ನು ನೋಡಿಲ್ಲ, ನೋಡುವುದೂ ಇಲ್ಲ ಎಂದು ಅವರು ಪ್ರತಿ ವರ್ಷದಂತೆ ಹೇಳಿದರು. ಹಲಗೆಯ ಆಚೆಯಿಂದ ಅವಳ ದನಿ ಕೇಳಿಸಿತು.

"ನಾ ನೋಡೇನ್ರಿ ಸರ್. ನಮ್ಮ ಹೊಳಿ ದಂಡಿಗಿ, ಸೂಟ್ಯಾಗ ಎರಡು ದಿನ."

ಬೆಳ್ಳಿಚುಕ್ಕಿ ನೋಡಿರಬೇಕು, ಕುಳಿತುಕೋ ಎಂದರು ಇವರು.

"ಬೆಳ್ಳಿ ಮ್ಯಾಲ ಬ್ಯಾರೆ ಇತ್ರಿ. ಇದು ಭಾಳ ಕೆಳಗಿತ್ತು, ಸಣ್ಣದು. ಹೊತ್ತು ಮುಣಗಿ ತಾಸಿನೊಳಗ ಇದೂ ಮುಣಗಿತ್ರಿ."

ಅವರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಇಪ್ಪತ್ತು ವರ್ಷ ತಾವು ನೋಡದ್ದನ್ನು ಈಕೆ ಎಮ್ಮೆ ಮೈ ತೊಳೆಯುತ್ತ ನೋಡಿದಳಂತೆ ಎಂದರು. ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡರೆ ಇಳಿಯಬಹುದು. ಅವಳು ಒಪ್ಪಲಿಲ್ಲ. ಮೂರು ದಿನ ವಿಜ್ಞಾನದ ಪೀರಿಯಡ್ಡು ಪೂರ್ತಿ ಬೆಂಚಿನ ಮೇಲೆಯೇ ನಿಂತಳು.

ಆ ಮೊದಲ ದಿನದ ಮಧ್ಯಾಹ್ನ ನಾನು ಸ್ಟಾಫ್ ರೂಮಿಗೆ ಹೋದಾಗ ಅವರೊಬ್ಬರೇ ಇದ್ದರು. ಪಂಚಾಂಗ ನೋಡುವವರನ್ನು ಹೀಯಾಳಿಸುತ್ತಿದ್ದ ಮನುಷ್ಯ, ಗುಮಾಸ್ತರ ಪಂಚಾಂಗವನ್ನು ಕನ್ನಡಕದ ಹತ್ತಿರ ಹಿಡಿದು ಓದುತ್ತಿದ್ದರು. ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು. ನಾನು ಹಿಂದಿನಿಂದ ನೋಡಿದೆ. ಬುಧನಿಗೆ ಪಶ್ಚಿಮದಲ್ಲಿ ಉದಯ, ಅಂದರೆ ಸಂಜೆ ಪಡುವಣದಲ್ಲಿ ಕಾಣತೊಡಗುತ್ತಾನೆ ಎಂದಿತ್ತು, ತಿಥಿಯೂ ಶಿವರಾತ್ರಿಯ ಸೂಟಿಗೆ ಸರಿಯಾಗಿ ಹೊಂದುತ್ತಿತ್ತು. ಅವರು ಪಂಚಾಂಗ ಮಡಚಿಟ್ಟರು.

"ಆ ಮಣ್ಣೂರ ಹುಡುಗಿ ಕೈಯಾಗ ಉಂಗುರ ಅದಲ್ಲ ಬಾಯಾರ, ಬಂಗಾರದ್ದೇನು?"

ಹೌದು, ನಿಶ್ಚಯದ ಉಂಗುರ, ಗಂಡಿನ ಮನೆಯವರು ಹಾಕಿದ್ದು ಎಂದು ನಾನೇ ಹೇಳಿದೆ. ಅವರು ಯಾಕೆ ಕೇಳಿದರೆಂದು ನಾನು ಕೇಳಲಿಲ್ಲ.

ನಾಲ್ಕನೆಯ ದಿನ ನನ್ನನ್ನು ಕರೆದರು. ಇವತ್ತಿನ ಪಾಠ ನೋಡುವಂಥದ್ದು, ಬಂದು ಕುಳಿತುಕೊಳ್ಳಿ ಎಂದರು. ಹಿಂದಿನ ಬೆಂಚಿನಲ್ಲಿ ಕುಳಿತೆ. ಕಸ್ತೂರಿಯನ್ನು ಬೆಂಚಿನಿಂದ ಇಳಿಸಿ ಮುಂದೆ ಕರೆದರು. ದನಿ ಎಂದೂ ಇಲ್ಲದಷ್ಟು ಮೆತ್ತಗಿತ್ತು. ಪ್ರಯೋಗಕ್ಕೆ ಉಂಗುರ ಕೊಡುತ್ತೀಯಾ ಎಂದು ಕೇಳಿದರು. ಮೂರು ದಿನ ನಿಂತ ಹುಡುಗಿ, ಸಿಟ್ಟು ಇಳಿಯಿತೆಂದು ತಿಳಿದಳು. ನಗುತ್ತ ಬಿಚ್ಚಿ ಕೊಟ್ಟಳು.

ಅವರು ಉಂಗುರವನ್ನು ಕಿಟಕಿಯ ಬಿಸಿಲಿಗೆ ಹಿಡಿದು ತೋರಿಸಿದರು. ಬಂಗಾರ ಬೆಳಕಿನೊಳಗಿನ ನೀಲಿಯನ್ನು ನುಂಗಿ ಉಳಿದದ್ದನ್ನು ಹಿಂದಕ್ಕೆ ಕೊಡುತ್ತದೆ, ಅದಕ್ಕೇ ಹಳದಿ. ಹಳದಿ ಎಂಬುದು ಬಂಗಾರದ ಲೋಭ ಎಂದರು. ಉಂಗುರವನ್ನು ಬಟ್ಟಲಿನ ಪಾದರಸದಲ್ಲಿ ಅದ್ದಿ ಹೆಬ್ಬೆರಳಿನಿಂದ ತಿಕ್ಕಿದರು, ತೆಗೆದು ಮತ್ತೆ ಬಿಸಿಲಿಗೆ ಹಿಡಿದರು. ಬೆಳ್ಳಗೆ ಬೆಳ್ಳಿಯಂತಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು, ಕಸ್ತೂರಿಯೂ ತಟ್ಟಿದಳು. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಅಷ್ಟು ಚೆಂದದ ಪಾಠ ಮತ್ತೊಂದು ಕಾಣಲಿಲ್ಲ.

ಅವಳು ಕೈ ಚಾಚಿದಳು. ಅವರು ಉಂಗುರವನ್ನು ಕೈಯಲ್ಲಿಟ್ಟರು. ಅವಳು ಅದನ್ನು ಲಂಗಕ್ಕೆ ಒರೆಸಿದಳು, ಮತ್ತೆ ಒರೆಸಿದಳು.

"ಸರ್, ಹಳದಿ ಯಾವಾಗ ಬರ್ತದ್ರಿ?"

"ನನಗೇನ ಕೇಳ್ತಿ? ನನಗ ಕಾಣದ್ದು ನಿನಗ ಕಾಣಸ್ತದಲ್ಲ. ನೋಡಕೋತ ಕೂಡು."

ಗಂಟೆ ಹೊಡೆಯಿತು.

ಆಮೇಲೆ ಆದದ್ದೆಲ್ಲ ಬೇಗ ಬೇಗ ಆಯಿತು. ಚಿಕ್ಕಮ್ಮ ಉಂಗುರವನ್ನು ಬಂಗಾರದ ಕೆಲಸದ ಪತ್ತಾರನ ಹತ್ತಿರ ಒಯ್ದಳು. ಅವನು ಬೆಂಕಿಗೆ ಹಿಡಿದು ಪಾದರಸ ಹಾರಿಸಿದ. ತೆಳ್ಳನೆಯ ಉಂಗುರ, ಮೈಯೆಲ್ಲ ತೂತುಬಿದ್ದಂತೆ ಒರಟಾಗಿ, ಮಸಕು ಮಸಕಾಗಿ ಹಿಂದಕ್ಕೆ ಬಂತು. ಅದೇ ವಾರ ಜವಳಿಗೆಂದು ಬಂದ ಮಾದನಹಿಪ್ಪರಗಾದ ಅತ್ತೆ ಸೊಸೆಯಾಗುವವಳ ಕೈ ಹಿಡಿದು ನೋಡಿದಳು. ನಾವು ಹಾಕಿದ ಬಂಗಾರ ಎಲ್ಲಿ, ಬಂಗಾರದ ನೀರು ಬಿಟ್ಟ ಈ ಮುಲಾಮಿನ ಉಂಗುರ ಎಲ್ಲಿಯದು ಎಂದಳು. ಶಾಲೆಯ ಪ್ರಯೋಗದ ಕಥೆಯನ್ನು ಗಂಡಿನ ಕಡೆಯವರು ನಂಬಲಿಲ್ಲ. ಶಾಲೆಯಲ್ಲಿ ಯಾರಾದರೂ ಬಂಗಾರ ಹಾಳು ಮಾಡುತ್ತಾರೆಯೇ? ನಿಶ್ಚಯ ಮುರಿಯಿತು.

ಕಸ್ತೂರಿಯ ಅಪ್ಪ ಶಾಲೆಗೆ ಬಂದ. ಬಿಳಿ ರುಮಾಲಿನ, ಮೆತ್ತಗೆ ಮಾತಾಡುವ ಮನುಷ್ಯ. ಅವನು ಕೇಳಿದ್ದು ಇಷ್ಟೇ. ಮಾಸ್ತರರು ಒಂದು ಸಲ ಮಾದನಹಿಪ್ಪರಗಾಕ್ಕೆ ಬಂದು, ಇದು ನನ್ನ ಕೈಯಿಂದ ಆದದ್ದು ಎಂದು ಬೀಗರ ಮುಂದೆ ಹೇಳಬೇಕು. ಹೆಡ್‌ಮಾಸ್ತರರು ಇವರ ಮುಖ ನೋಡಿದರು. ಇವರು ಕುರ್ಚಿಯಿಂದ ಏಳದೆ ಮಾತಾಡಿದರು. ಹುಡುಗಿ ತನ್ನಷ್ಟಕ್ಕೆ ತಾನು ಉಂಗುರ ಕೊಟ್ಟಳು. ಎಲ್ಲರ ಮುಂದೆ ಮೆರೆಯುವುದು ಅವಳ ಚಾಳಿ. ಕಾಣದ ಗ್ರಹವನ್ನು ಕಂಡೆ ಎಂದು ತರಗತಿಯಲ್ಲಿ ಸುಳ್ಳು ಹೇಳಿ ಮೂರು ದಿನ ಶಿಕ್ಷೆ ಉಂಡಿದ್ದಾಳೆ. ಬೇಕಾದರೆ ಬಾಯಾರನ್ನು ಕೇಳಿ, ಅವರು ಅಲ್ಲೇ ಇದ್ದರು.

ನನ್ನನ್ನು ಕರೆಸಿದರು. ಆಗ ಆಳಂದಕ್ಕೆ ವರ್ಗ ಬೇಕೆಂದು ನಾನು ಕೊಟ್ಟಿದ್ದ ಅರ್ಜಿ ಹೆಡ್‌ಮಾಸ್ತರರ ಮೇಜಿನ ಮೇಲಿತ್ತು. ಅದರ ಮೇಲೆ ಶಿಫಾರಸು ಬರೆಯಬೇಕಾದದ್ದು ಹೆಡ್‌ಮಾಸ್ತರರು. ಹೆಡ್‌ಮಾಸ್ತರರ ಪತ್ರಗಳನ್ನೆಲ್ಲ ಬರೆದುಕೊಡುತ್ತಿದ್ದವರು ಇದೇ ವಿಜ್ಞಾನದ ಮಾಸ್ತರರು.

"ಹುಡುಗಿ ತಾನಾಗೇ ಕೊಟ್ಟಳೇನ್ರಿ?" ಎಂದು ಹೆಡ್‌ಮಾಸ್ತರರು ಕೇಳಿದರು.

"ಹೌದ್ರಿ, ತಾನಾಗೇ ಕೊಟ್ಟಳು."

"ಚುಕ್ಕಿ ನೋಡಿದ್ದು?"

ಪಂಚಾಂಗದ ಮೇಲೆ ನಿಂತ ಬೆರಳು ನನ್ನ ಕಣ್ಣ ಮುಂದೆ ಇತ್ತು. "ಅದು ನನಗ ಗೊತ್ತಿಲ್ರಿ," ಎಂದೆ.

ಅಪ್ಪ ನನ್ನ ಕಡೆಗೂ ಕೈ ಮುಗಿದು ಹೊರಗೆ ಹೋದ. ಬೇವಿನ ಕೆಳಗೆ ಮಗಳು ನಿಂತಿದ್ದಳು. ಅವನು ಅವಳ ಕೆನ್ನೆಗೆ ಹೊಡೆದದ್ದನ್ನು ಕಿಟಕಿಯಿಂದ ನೋಡಿದೆ. ಮೊದಲ ಸಲ ಹೊಡೆಯುವವರ ಹಾಗೆ, ಕೈ ಎಲ್ಲಿ ಬೀಳಬೇಕೆಂದು ತಿಳಿಯದೆ ಹೊಡೆದ. "ಸುಳ್ಳ ಹೇಳಿ ಮನಿ ಹಾಳ ಮಾಡಿದಿ," ಎಂದ. ಅವಳು ನನ್ನ ಕಿಟಕಿಯ ಕಡೆ ನೋಡಿದಳೋ ಇಲ್ಲವೋ, ನಾನು ಅಷ್ಟರಲ್ಲಿ ಸರಿದುಕೊಂಡಿದ್ದೆ. ಆಕೆ ಪರೀಕ್ಷೆಗೆ ಕೂರಲಿಲ್ಲ. ಜೇವರ್ಗಿಯ ಕಡೆ, ಹೆಂಡತಿ ತೀರಿಕೊಂಡಿದ್ದ ಒಬ್ಬರಿಗೆ ಕೊಟ್ಟರೆಂದು ಆಮೇಲೆ ಕೇಳಿದೆ. ಜೂನ್ ತಿಂಗಳಲ್ಲಿ ನನಗೆ ಆಳಂದಕ್ಕೆ ವರ್ಗವಾಯಿತು.

ಅವರು ನಿವೃತ್ತರಾದದ್ದು ಎಂಬತ್ತರ ದಶಕದಲ್ಲಿ. ಬೀಳ್ಕೊಡುವ ದಿನ ಶಾಲು ಹೊದಿಸಿದಾಗ ದೊಡ್ಡ ದೊಡ್ಡ ಹುದ್ದೆಯ ಹಳೆಯ ವಿದ್ಯಾರ್ಥಿಗಳು ಅವರ ಕಾಲಿಗೆ ಬಿದ್ದು ಅತ್ತರಂತೆ. ಮಗಳನ್ನು ಆಳಂದಕ್ಕೆ ಕೊಟ್ಟಿದ್ದರು. ಅಲ್ಲಿಗೆ ಬಂದಾಗ ಒಮ್ಮೊಮ್ಮೆ ನಮ್ಮ ಮನೆಗೂ ಚಹಾಕ್ಕೆ ಬರುತ್ತಿದ್ದರು. ಒಂದು ಫಾಲ್ಗುಣದಲ್ಲಿ ಬಂದವರು ಕುಳಿತುಕೊಳ್ಳುವ ಮೊದಲೇ ಮಾತು ತೆಗೆದರು. ಹಿಂದಿನ ವಾರ ಮಣ್ಣೂರಿಗೆ ಹೋಗಿದ್ದರಂತೆ. ಆ ಹುಡುಗಿಯ ಅಪ್ಪನನ್ನೇ ಹುಡುಕಿ, ಮಗಳು ಎಲ್ಲಿ ನಿಂತು ನೋಡಿದ್ದಳು ಎಂದು ಕೇಳಿದರಂತೆ. ಆತ ಹೊಳೆಯ ದಂಡೆಗೆ ಕರೆದುಕೊಂಡು ಹೋಗಿ ಜಾಗ ತೋರಿಸಿದ. ಇವರಿಗೆ ಕೂರಲು ಕಂಬಳಿ ಹಾಸಿದ, ಮನೆಯಿಂದ ಚಹಾ ತರಿಸಿದ.

"ಕಂಡ್ತು ಬಾಯಾರ. ಮೋಡ ಇಲ್ಲ, ಧೂಳ ಇಲ್ಲ. ನೀರಿನ ಆಚಿ ನೆಲಕ್ಕ ಹತ್ತಿ ಒಂದು ಜೋಳದ ಕಾಳಿನಷ್ಟು, ಸ್ವಲ್ಪ ಕೆಂಪಗ," ಎಂದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಚಹಾ ಕುಡಿಯುತ್ತ, "ಆ ಹುಡುಗಿ ಖರೆನೇ ಹೇಳಿದ್ಳು. ಅವತ್ತೇ ನನಗ ಗೊತ್ತಿತ್ತು," ಎಂದರು.

ಇದನ್ನು ಅವಳ ಅಪ್ಪನಿಗೆ ಹೇಳಿದಿರಾ ಎಂದು ಕೇಳಿದೆ.

"ಅವಂಗೇನ ತಿಳಿತದ ಗ್ರಹ, ಚುಕ್ಕಿ? ಸಕ್ಕರಿ ಸ್ವಲ್ಪ ಕಡಿಮಿ ಆಗ್ಯಾದ ನೋಡ್ರಿ."

ನಾನು ಎದ್ದು ಸಕ್ಕರೆ ತಂದು ಹಾಕಿದೆ.

ಅದಾಗಿ ಐದು ವರ್ಷದ ಮೇಲೆ ಪರೀಕ್ಷೆಯ ಕೆಲಸಕ್ಕೆಂದು ಜೇವರ್ಗಿಗೆ ಹೋಗಿದ್ದೆ. ಅಲ್ಲಿಂದ ಇನ್ನೂ ಮುಂದಿನ ಒಂದು ಹಳ್ಳಿಯ ಶಾಲೆಗೆ ಬಸ್ಸು ಹತ್ತಿದಾಗ ಕೂರಲು ಜಾಗವಿರಲಿಲ್ಲ. ಒಬ್ಬ ಹೆಂಗಸು ತನ್ನ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, "ಕೂಡ್ರಿ ಟೀಚರ್," ಎಂದಳು. ದನಿಯಿಂದ ಗುರುತು ಹಿಡಿದೆ. ಕಸ್ತೂರಿ ಸ್ವಲ್ಪ ದಪ್ಪಗಾಗಿದ್ದಳು. ಊರಿನ ಅಂಗನವಾಡಿಯಲ್ಲಿ ಕೆಲಸ, ಮೂವರು ಮಕ್ಕಳು ಎಂದು ಹೇಳಿದಳು. ನನ್ನ ಆರೋಗ್ಯ ಕೇಳಿದಳು. ಹಳೆಯ ಮಾತು ಒಂದೂ ತೆಗೆಯಲಿಲ್ಲ. ತೆಗೆದವಳು ನಾನು. ಮನಸ್ಸಿನ ಭಾರ ಇಳಿಸಿಕೊಳ್ಳುವ ಆಸೆ ನನಗಿತ್ತು, ಇದನ್ನು ಕೇಳಿ ಅವಳಿಗೆ ಸಮಾಧಾನವಾದೀತು ಎಂದೂ ಅಂದುಕೊಂಡೆ. ನೀನು ನೋಡಿದ್ದು ಬುಧನೇ, ಸರ್ ತಮ್ಮ ಬಾಯಿಂದಲೇ ಒಪ್ಪಿಕೊಂಡರು ಎಂದೆ.

ಅವಳು ಮಗಳ ಜಡೆಯ ರಿಬ್ಬನ್ನು ಸರಿ ಮಾಡುತ್ತಿದ್ದಳು. ಕೈ ನಿಂತಿತು.

"ಯಾರ ಮುಂದ ಅಂದ್ರರಿ?"

"ನನ್ನ ಮುಂದ."

"ಯಾವಾಗ್ರಿ?"

"ಐದು ವರ್ಷ ಆತು."

ಅವಳು ಕಿಟಕಿಯ ಆಚೆ ನೋಡಿದಳು. ಕಂಡಕ್ಟರು ಯಾವುದೋ ಊರಿನ ಹೆಸರು ಕೂಗಿದ. ಬಸ್ಸು ನಿಧಾನವಾಗುತ್ತಿದ್ದಂತೆ ಅವಳು ಎದ್ದು ಚೀಲ ಎತ್ತಿಕೊಂಡಳು, ಮಗಳ ಕೈ ಹಿಡಿದಳು.

"ನಮ್ಮಪ್ಪ ಹ್ವಾದ ವರ್ಷ ತೀರಕೊಂಡಾರ್ರಿ ಟೀಚರ್," ಎಂದು ಹೇಳಿ ಇಳಿದುಹೋದಳು.